ಮಗುವಿನ ತಟ್ಟೆಗೆ ಯಾವ ಚೀಸು?

ಬೀದರ ಜಿಲ್ಲೆಯ ಡಾಬಕಾ, ಔರಾದ, ಭಾಲ್ಕಿಗಳ ಸೀಮೆ ದೇವಣಿ ದನಗಳ ತವರು. ಮನೆಯಲ್ಲಿ ಹಾಲಿರುವಾಗ ಎಳೆಯ ಮಗುವಿಗೆ ಪೇಟೆಯ ಚೀಸಿನ ಹಾಳೆ ಮೇಲೋ, ಮನೆಯ ಪನೀರು ಮೇಲೋ?

ಹಾಲು ಒಡೆಯುವ ಬಗೆಯನ್ನು ಮೊದಲು ನೋಡೋಣ. ಹಸುವಿನ ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೇಸೀನ್. ಅದರ ಸೂಕ್ಷ್ಮ ಕಣಗಳು ಋಣ ವಿದ್ಯುದಂಶವುಳ್ಳವು. ಒಂದನ್ನೊಂದು ದೂಡುತ್ತ ತೇಲುತ್ತಿರುತ್ತವೆ. ಕಾದ ಹಾಲಿಗೆ ನಿಂಬೆರಸ ಬಿದ್ದೊಡನೆ ಆ ವಿದ್ಯುದಂಶ ಅಳಿದು ಕಣಗಳು ಗರಣೆಗಟ್ಟುತ್ತವೆ. ಸೋಸಿ ಹಿಂಡಿದರೆ ಪನೀರು. ಆದರೆ ಆಮ್ಲವು ಕಣಗಳಲ್ಲಿದ್ದ ಕ್ಯಾಲ್ಸಿಯಮ್ಮಿನ ಒಂದು ಪಾಲನ್ನು ಕರಗಿಸಿ ನೀರಿಗೆ ಒಯ್ಯುತ್ತದೆ. ಚೆಡ್ಡರ್ ಚೀಸನ್ನು ರೆನ್ನೆಟ್ ಎಂಬ ಕಿಣ್ವದಿಂದ ಹೆಪ್ಪುಗಟ್ಟಿಸುವುದರಿಂದ ಅದರಲ್ಲಿ ಕ್ಯಾಲ್ಸಿಯಂ ಹೆಚ್ಚು ಉಳಿಯುತ್ತದೆ. ಇಷ್ಟೇ ಆಗಿದ್ದರೆ ಪೇಟೆಯದೇ ಮೇಲೆನ್ನಬಹುದಿತ್ತು.

ತೊಡಕಿರುವುದು ಉಪ್ಪಿನಲ್ಲಿ. ವರ್ಷ ತುಂಬದ ಮಗುವಿನ ಮೂತ್ರಪಿಂಡಗಳು ಇನ್ನೂ ಬಲಿತಿರುವುದಿಲ್ಲ. ಅದಕ್ಕೆ ಸಲ್ಲುವ ಉಪ್ಪು ದಿನಕ್ಕೆ 1 ಗ್ರಾಮಿಗೂ ಕಡಿಮೆ. ಸಂಸ್ಕರಿಸಿದ ಚೀಸಿನಲ್ಲಾದರೋ ಅಡಿಗೆಯುಪ್ಪಲ್ಲದೆ, ನುಣುಪಾಗಿ ಕರಗಿಸಲು ಬೆರೆಸಿದ ಸೋಡಿಯಂ ಲವಣಗಳೂ ಇರುತ್ತವೆ. ಪೊಟ್ಟಣದ ಮೇಲಿನ ಸೋಡಿಯಮ್ಮಿನ ಅಂಕಿಯನ್ನು 2.5ರಿಂದ ಗುಣಿಸಿರಿ. 100 ಗ್ರಾಮಿಗೆ 1,200 ಮಿಲಿಗ್ರಾಂ ಎಂದಿದ್ದರೆ, 20 ಗ್ರಾಮಿನ ಒಂದೇ ಹಾಳೆಯು 0.6 ಗ್ರಾಂ ಉಪ್ಪಿಗೆ ಸಮ. ದಿನದ ಮಿತಿಯ ಅರ್ಧವನ್ನು ಅದೊಂದೇ ದಾಟಿತು!

ನಮ್ಮ ಒಲವು ಮನೆಯ ಪನೀರಿನತ್ತ. ಆರು ತಿಂಗಳು ತುಂಬಿದ ಮೇಲೆ, ಎದೆಹಾಲನ್ನು ಬಿಡಿಸದೆ, ಹಸುವಿನ ಹಾಲು ಒಗ್ಗುವ ಮಗುವಿಗೆ ಉಪ್ಪು ಹಾಕದೆ ಮೆತ್ತಗೆ ಹಿಸುಕಿ ಒಂದು ಚಮಚೆಯಷ್ಟು ಕೊಡಬಹುದು. ತುಂಡಾಗಿ ಕೊಟ್ಟರೆ ಗಂಟಲಿಗೆ ಸಿಕ್ಕೀತು. ಸೋಸಿದ ನೀರಿನಲ್ಲಿ ಕ್ಯಾಲ್ಸಿಯಂ ಉಂಟಷ್ಟೆ. ಅದನ್ನು ಚೆಲ್ಲದೆ ಮನೆಮಂದಿಯ ರೊಟ್ಟಿಯ ಹಿಟ್ಟು ನಾದಲು ಬಳಸಿರಿ.