ಮೋಡದ ಗಣಕವೂ ಜನರ ನಂಬಿಕೆಯೂ

ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ತೆರೆಯ ಮೇಲೆ ಮೂಡಿಸುವುದು, ಕಡತಗಳನ್ನು ಜೋಡಿಸಿಡುವುದು, ಹಲವು ಕೆಲಸಗಳಿಗೆ ಸರದಿಯನ್ನು ಗೊತ್ತುಪಡಿಸುವುದು, ಇವೆಲ್ಲವನ್ನೂ ಗಣಕಯಂತ್ರದೊಳಗಿನ ಒಂದು ತಂತ್ರಾಂಶವು ನಡೆಸುತ್ತದೆ. ದೊಡ್ಡ ಮನೆಯೊಂದರ ಆಗುಹೋಗುಗಳನ್ನೆಲ್ಲ ನೋಡಿಕೊಳ್ಳುವ ಪಾರುಪತ್ಯಗಾರನಂತಿರುವ ಇದಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಈ ಪಾರುಪತ್ಯಗಾರನು ಬಹುಕಾಲ ಬಳಕೆದಾರನ ಮೇಜಿನ ಮೇಲಿನ ಪೆಟ್ಟಿಗೆಯಲ್ಲಿಯೇ ವಾಸವಾಗಿದ್ದನು. ಈಚೆಗೆ ಅವನ ವಾಸಸ್ಥಾನ ಬದಲಾಗುತ್ತಿದೆ.

ದೂರದೂರದ ವಿಶಾಲ ಕಟ್ಟಡಗಳಲ್ಲಿ ಸಾವಿರಾರು ಗಣಕಗಳು ಹಗಲಿರುಳೂ ದುಡಿಯುತ್ತಿರುತ್ತವೆ. ಅಂತರಜಾಲದ ಮೂಲಕ ಅವುಗಳ ಶಕ್ತಿಯನ್ನು ಎಲ್ಲಿಂದಲಾದರೂ ಬಳಸಿಕೊಳ್ಳುವ ಏರ್ಪಾಡನ್ನು ಕ್ಲೌಡ್, ಅಂದರೆ ಮೋಡ ಎನ್ನುತ್ತಾರೆ. ಈ ಕಲ್ಪನೆ ಹೊಸದೇನಲ್ಲ. ದೂರವಾಣಿಯಂತೆ ಗಣಕಸೇವೆಯೂ ಮುಂದೊಂದು ದಿನ ಸಾರ್ವಜನಿಕ ಸೌಲಭ್ಯವಾಗಬಹುದೆಂದು ಅಮೆರಿಕದ ವಿಜ್ಞಾನಿ ಜಾನ್ ಮೆಕಾರ್ಥಿ 1961ರಲ್ಲಿಯೇ ನುಡಿದಿದ್ದರು. 2011ರಲ್ಲಿ ಮಾರುಕಟ್ಟೆಗೆ ಬಂದ ಕ್ರೋಮ್‌ಬುಕ್ ಯಂತ್ರಗಳು ಹೆಚ್ಚಿನ ಕೆಲಸವನ್ನು ಅಂತರಜಾಲಕ್ಕೆ ಒಪ್ಪಿಸಿದವು. 2021ರಲ್ಲಿ ಬಂದ ವಿಂಡೋಸ್ 365 ಎಂಬ ಸೇವೆಯಲ್ಲಂತೂ ಇಡೀ ಆಪರೇಟಿಂಗ್ ಸಿಸ್ಟಮ್ ದೂರದಲ್ಲಿಯೇ ನಡೆಯುತ್ತದೆ. ಬಳಕೆದಾರನ ತೆರೆಗೆ ಬರುವುದು ಅದರ ಚಿತ್ರ ಮಾತ್ರ.

ಇದರಿಂದ ಅನುಕೂಲಗಳು ಹಲವು. ಅಗ್ಗದ ಯಂತ್ರದಿಂದಲೂ ದೊಡ್ಡ ಕೆಲಸ ಸಾಧ್ಯ. ಯಂತ್ರ ಕಳೆದುಹೋದರೂ ಕಡತ ಉಳಿಯುತ್ತದೆ. ಆದರೆ ಅಪಾಯಗಳೂ ಇಲ್ಲದಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ದತ್ತಾಂಶ ಕೇಂದ್ರವೊಂದಕ್ಕೆ ಬೆಂಕಿ ಬಿದ್ದಾಗ, ಬೇರೆಡೆ ಪ್ರತಿ ಇಟ್ಟುಕೊಳ್ಳದಿದ್ದ ಅನೇಕರು ತಮ್ಮ ಮಾಹಿತಿಯನ್ನು ಕಳೆದುಕೊಂಡರು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯು ದೂರದಿಂದ ಕಳುಹಿಸಿದ ದೋಷಯುಕ್ತ ಪರಿಷ್ಕರಣೆಯಿಂದ ಸುಮಾರು 85 ಲಕ್ಷ ಗಣಕಗಳು ಸ್ಥಗಿತಗೊಂಡು, ವಿಮಾನ ನಿಲ್ದಾಣ, ಆಸ್ಪತ್ರೆಗಳಲ್ಲಿಯೂ ಕೆಲಸ ನಿಂತಿತು. ಅಮೆರಿಕದ ಬೇಹುಗಾರಿಕಾ ಸಂಸ್ಥೆಯು ದೊಡ್ಡ ಅಂತರಜಾಲ ಕಂಪನಿಗಳಿಂದ ಜನರ ಮಾಹಿತಿಯನ್ನು ಪಡೆಯುತ್ತಿದ್ದುದು 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಗೆಡಹಿದ ದಾಖಲೆಗಳಿಂದ ತಿಳಿದುಬಂದಿತು.

ಹಾಗಾದರೆ ಈ ವ್ಯವಸ್ಥೆಯನ್ನು ನಂಬುವುದು ಹೇಗೆ? ಹಿಂದೆ ಜನರು ಹಣವನ್ನು ಗಡಿಗೆಯಲ್ಲಿಟ್ಟು ನೆಲದಲ್ಲಿ ಹೂಳುತ್ತಿದ್ದರು. ಮುಂದೆ ಅವರು ಬ್ಯಾಂಕನ್ನು ನಂಬಿದ್ದು ಅದರ ಕಟ್ಟಡದ ಅಂದವನ್ನು ಕಂಡಲ್ಲ. ಲೆಕ್ಕಪತ್ರಗಳ ತಪಾಸಣೆ, ಕಾನೂನಿನ ರಕ್ಷಣೆ, ಬೇಕೆಂದಾಗ ಹಣವನ್ನು ಹಿಂಪಡೆಯುವ ಹಕ್ಕು, ಇವು ಆ ನಂಬಿಕೆಯನ್ನು ಬೆಳೆಸಿದವು.

ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸಿ, ಅದರ ಕೀಲಿಯನ್ನು ಒಡೆಯನ ಬಳಿಯಲ್ಲಿಯೇ ಉಳಿಸುವುದು ಒಂದು ಉಪಾಯ. ಸುಮ್ಮನೆ ಇಟ್ಟ ಕಡತಕ್ಕೆ ಇದು ಒಳ್ಳೆಯ ಕಾವಲು. ಆದರೆ ಆ ಕಡತದ ಮೇಲೆ ದೂರದ ಗಣಕವು ಕೆಲಸ ಮಾಡಬೇಕಾದರೆ ಸಾಮಾನ್ಯವಾಗಿ ಅದನ್ನು ಅಲ್ಲಿ ತೆರೆಯಲೇಬೇಕು. ಆದುದರಿಂದ ಬೀಗವೊಂದೇ ಸಾಲದು. ಕಾನೂನೂ ಬೇಕು, ನಿಷ್ಪಕ್ಷಪಾತವಾದ ತಪಾಸಣೆಯೂ ಬೇಕು, ತನ್ನ ಮಾಹಿತಿಯೊಡನೆ ಬೇರೆ ಸೇವೆಗೆ ಹೋಗುವ ಸ್ವಾತಂತ್ರ್ಯವೂ ಬೇಕು.

ಭಾರತದಲ್ಲಿ ಈ ದಿಕ್ಕಿನ ಮುಖ್ಯ ಹೆಜ್ಜೆಗೆ ಕಾರಣರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸಾರಿತು. 2023ರಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯಿದೆಯನ್ನು ಅಂಗೀಕರಿಸಿತು.

ಮೋಡದ ಗಣಕಗಳ ವೇಗವೂ ಶಕ್ತಿಯೂ ಇನ್ನಷ್ಟು ಹೆಚ್ಚುವುದರಲ್ಲಿ ಸಂದೇಹವಿಲ್ಲ. ಆದರೆ ಅವು ಜನರ ಬಾಳಿನಲ್ಲಿ ನೆಲೆಗೊಳ್ಳುವುದು ನಂಬಿಕೆಯನ್ನು ಗಳಿಸಿದಾಗ ಮಾತ್ರ. ಪಾರುಪತ್ಯಗಾರನು ಎಲ್ಲಿಯೇ ನೆಲೆಸಿರಲಿ, ಮನೆಯ ಒಡೆಯನಿಗೆ ಅವನು ಲೆಕ್ಕ ಒಪ್ಪಿಸಲೇಬೇಕು. ಆ ಲೆಕ್ಕವನ್ನು ಕೇಳುವ ತಿಳಿವಳಿಕೆ ಒಡೆಯನಿಗೂ ಇರಬೇಕು.