ಅರ್ಥಶಾಸ್ತ್ರದಲ್ಲಿ ಆಪದರ್ಥಸಂಚಯ

ಬೆಂಕಿ, ನೆರೆ, ಕ್ಷಾಮಗಳ ತರುವಾಯವೂ ವ್ಯವಹಾರವು ನಿಲ್ಲದಂತೆ ಮೊದಲೇ ಮಾಡಿಡತಕ್ಕ ಏರ್ಪಾಡುಗಳನ್ನು ಕೌಟಿಲ್ಯನು ಒಂದೇ ಪ್ರಕರಣದಲ್ಲಿ ಹೇಳಿಲ್ಲ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದ ಹಲವೆಡೆಗಳಿಂದ ಅವನ್ನು ಆಯ್ದುಕೊಳ್ಳಬೇಕಾಗುವುದು.

ಕೋಷ್ಠಾಗಾರಾಧ್ಯಕ್ಷನು ಧಾನ್ಯ, ಎಣ್ಣೆ, ಬೆಲ್ಲ, ಉಪ್ಪು ಮೊದಲಾದವುಗಳಲ್ಲಿ ಅರ್ಧವನ್ನು ಜಾನಪದರ ಆಪತ್ತಿಗೆಂದು ತೆಗೆದಿರಿಸಿ, ಉಳಿದರ್ಧವನ್ನು ಮಾತ್ರ ಬಳಸತಕ್ಕದ್ದು. ಈ ವಿಧಿಯು ವಿದ್ವಾಂಸರಿಗೆ ಪರಿಚಿತವೇ. ಆದರೆ ಇದರ ಬೆನ್ನಿಗೇ ಬರುವ, ಹೊಸತನ್ನು ತುಂಬಿ ಹಳತನ್ನು ತೆಗೆಯುತ್ತಿರಬೇಕೆಂಬ ಕಿರಿಯ ಸೂತ್ರವೇ ಇದರ ಜೀವಾಳ. ಹುಳು ಹಿಡಿದ ಧಾನ್ಯವು ಬರಗಾಲದಲ್ಲಿ ಯಾರ ಹೊಟ್ಟೆಯನ್ನೂ ತುಂಬದಷ್ಟೆ! ಹಳತು ದಿನಬಳಕೆಗೆ ಸಲ್ಲುತ್ತ ಹೊಸತು ಅದರ ಸ್ಥಾನಕ್ಕೆ ಬರುವುದರಿಂದ ಸಂಚಯವು ಹೂತಿಟ್ಟ ನಿಧಿಯಾಗದೆ ನಿತ್ಯವ್ಯವಹಾರದ ಅಂಗವೇ ಆಗಿರುವುದು.

ದ್ರವ್ಯದ ವಿಷಯದಲ್ಲಿ ಕ್ರಮವು ಬೇರೆ. ಸನ್ನಿಧಾತೃವು ಕೋಶಗೃಹವಲ್ಲದೆ ಜನಪದದ ಅಂಚಿನಲ್ಲಿ ಆಪತ್ತಿಗಾಗಿ ಧ್ರುವನಿಧಿಯೊಂದನ್ನು ಕಟ್ಟಿಸಬೇಕು. ಒಂದೇ ವಿಪತ್ತು ಎರಡನ್ನೂ ನುಂಗದಿರಲೆಂಬುದು ಇದರ ಆಶಯವಾಗಿರಬೇಕು. ಅದನ್ನು ವಧ್ಯರಿಂದ ಕಟ್ಟಿಸಬೇಕೆಂಬ ಮಾತಂತೂ ಕ್ರೂರವೇ ಸರಿ.

ವರ್ತಕರಿಗೆ ಮುಖ್ಯವಾದುದು ಮೂರನೆಯ ಅಧಿಕರಣದ ಉಪನಿಧಿಪ್ರಕರಣ. ಊರಿಗೆ ಬೆಂಕಿ ಬಿದ್ದೋ ಹಡಗು ಮುಳುಗಿಯೋ ತಾನೇ ಸಂಕಟಕ್ಕೆ ಸಿಕ್ಕಿದವನು, ತನ್ನ ವಶಕ್ಕೆ ಒಪ್ಪಿಸಿದ್ದ ವಸ್ತು ಹೋದರೆ ತೆರಬೇಕಾದುದಿಲ್ಲ. ತಪ್ಪಿಲ್ಲದೆ ಕಳೆದ ಪರರ ಸರಕಿನ ಹೊಣೆಯೂ ಅವನ ಮೇಲೆ ಬಿದ್ದಿದ್ದರೆ, ನೆರೆ ಇಳಿದ ಮೇಲೆ ಅಂಗಡಿಯ ಬಾಗಿಲನ್ನು ಮತ್ತೆ ತೆರೆಯುವ ಧೈರ್ಯ ಎಷ್ಟು ಮಂದಿಗೆ ಇರುತ್ತಿತ್ತು? ಒಪ್ಪಿಸಿದ ವಸ್ತುವನ್ನು ತಾನೇ ಬಳಸಿಕೊಂಡವನಿಗಾದರೋ ಬಳಕೆಯ ಬೆಲೆಯೊಡನೆ 12 ಪಣಗಳ ದಂಡವುಂಟು.