ಬ್ರೂಕ್ಲಿನ್ ಕಂಡ ಒಂದೇ ಗೆಲವು

ಬೇಸ್‌ಬಾಲ್ ಆಟವನ್ನು ನೀವು ನೋಡಿರದಿದ್ದರೂ ಅದರ ಸ್ವರೂಪವನ್ನು ತಿಳಿಯುವುದು ಕಷ್ಟವಲ್ಲ. ಕ್ರಿಕೆಟ್ಟಿನಂತೆ ಅಲ್ಲಿಯೂ ಒಬ್ಬ ಚೆಂಡೆಸೆಯುತ್ತಾನೆ, ಇನ್ನೊಬ್ಬ ದಾಂಡಿನಿಂದ ಹೊಡೆಯುತ್ತಾನೆ. ಹೊಡೆದವನು ಚೌಕದ ನಾಲ್ಕು ಮೂಲೆಗಳನ್ನೂ ಮುಟ್ಟಿ ಬಂದರೆ ಒಂದು ರನ್. ಮೂವರು ಔಟಾದರೆ ಸರದಿ ಎದುರಾಳಿಗೆ. ಹೀಗೆ ತಲಾ ಒಂಬತ್ತು ಸರದಿ. ಅಮೆರಿಕದಲ್ಲಿ ಈ ಆಟಕ್ಕೆ ಎರಡು ದೊಡ್ಡ ಲೀಗುಗಳಿವೆ. ಅವುಗಳ ವಿಜೇತರು ವರ್ಷದ ಕೊನೆಯಲ್ಲಿ ಸೆಣಸುವ ಪಂದ್ಯಮಾಲೆಯೇ ವರ್ಲ್ಡ್ ಸೀರೀಸ್. ಅದರಲ್ಲಿ ನಾಲ್ಕು ಪಂದ್ಯಗಳನ್ನು ಮೊದಲು ಗೆದ್ದ ತಂಡಕ್ಕೆ ಚಾಂಪಿಯನ್ ಪಟ್ಟ.

ಆದರೆ ಅಲ್ಲಿನ ತಂಡ ಊರಿನ ಹೆಸರನ್ನು ಹೊತ್ತಿದ್ದರೂ ಊರಿನದಲ್ಲ. ಅದು ಒಡೆಯರ ಖಾಸಗಿ ಸ್ವತ್ತು. ಇದರ ಅರ್ಥವೇನೆಂಬುದನ್ನು ಡಾಡ್ಜರ್ಸ್ ತಂಡದ ಚರಿತ್ರೆಯಿಂದ ಚೆನ್ನಾಗಿ ತಿಳಿಯಬಹುದು.

ಈ ತಂಡ 1883ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿತು. ಬ್ರೂಕ್ಲಿನ್ ಆಗ ಪ್ರತ್ಯೇಕ ನಗರ. ನ್ಯೂಯಾರ್ಕಿನೊಳಗೆ ಸೇರಿದ್ದು 1898ರಲ್ಲಿ. ಬೀದಿಯ ಟ್ರಾಮುಗಳಿಂದ ತಪ್ಪಿಸಿಕೊಂಡು ಓಡಾಡುವವರು ಎಂದು ಅಲ್ಲಿನ ಜನರಿಗೆ ಅಂಟಿದ ಅಡ್ಡಹೆಸರೇ ಕಾಲಕ್ರಮದಲ್ಲಿ ತಂಡದ ಹೆಸರಾಯಿತು. 1913ರಲ್ಲಿ ಎಬೆಟ್ಸ್ ಫೀಲ್ಡ್ ಎಂಬ ಮೈದಾನ ಸಿದ್ಧವಾಯಿತು.

ರೇಡಿಯೋ ಕೇಳುವವರಿಗೆ ಸ್ವಾರಸ್ಯವಾದ ಸಂಗತಿಯೊಂದಿದೆ. ಪಂದ್ಯವನ್ನು ಬಿತ್ತರಿಸಿದರೆ ಜನ ಮನೆಯಲ್ಲೇ ಕುಳಿತಾರೆಂದು ಹೆದರಿ, ನ್ಯೂಯಾರ್ಕಿನ ಮೂರು ತಂಡಗಳು ಕೆಲವು ವರ್ಷ ರೇಡಿಯೋವನ್ನು ದೂರವಿಟ್ಟಿದ್ದವು. 1939ರಲ್ಲಿ ಆ ಕಟ್ಟನ್ನು ಮುರಿದದ್ದು ಬ್ರೂಕ್ಲಿನ್. ರೆಡ್ ಬಾರ್ಬರ್ ಅವರ ವೀಕ್ಷಕ ವಿವರಣೆಯಿಂದ ಆಟ ಮನೆಮನೆಯ ಮಾತಾಯಿತು.

ಮುರಿಯಬೇಕಾಗಿದ್ದ ಇನ್ನೂ ದೊಡ್ಡ ಕಟ್ಟೊಂದಿತ್ತು. ಅರವತ್ತು ವರ್ಷಕ್ಕೂ ಮಿಗಿಲಾಗಿ ಕರಿಯ ಆಟಗಾರರಿಗೆ ದೊಡ್ಡ ಲೀಗುಗಳಲ್ಲಿ ಪ್ರವೇಶವಿರಲಿಲ್ಲ. ತಂಡದ ಆಡಳಿತವನ್ನು ನಡೆಸುತ್ತಿದ್ದ ಬ್ರಾಂಚ್ ರಿಕಿ ಅವರು ಜಾಕಿ ರಾಬಿನ್ಸನ್ ಅವರನ್ನು ಆರಿಸಿ, ಬೈದರೂ ತಿರುಗಿ ಬೈಯಕೂಡದೆಂದು ಮಾತು ತೆಗೆದುಕೊಂಡರು. 1947ರ ಏಪ್ರಿಲ್ 15ರಂದು ರಾಬಿನ್ಸನ್ ಕಣಕ್ಕಿಳಿದರು. ಎದುರಾಳಿಗಳ ನಿಂದೆ ಹಾಗಿರಲಿ, ಸ್ವಂತ ತಂಡದವರೇ ಕೆಲವರು ವಿರೋಧಿಸಿದ್ದರು. ಅವರು ಆಟದಿಂದಲೇ ಉತ್ತರ ಕೊಟ್ಟರು. 1949ರಲ್ಲಿ ನ್ಯಾಷನಲ್ ಲೀಗಿನ ಅತ್ಯಮೂಲ್ಯ ಆಟಗಾರರೆನಿಸಿದರು.

ಆದರೂ ಚಾಂಪಿಯನ್ ಪಟ್ಟ ಮಾತ್ರ ಕೈಗೆ ಸಿಕ್ಕಲಿಲ್ಲ. 1916, 1920, 1941, 1947, 1949, 1952, 1953, ಹೀಗೆ ಏಳು ಬಾರಿ ವರ್ಲ್ಡ್ ಸೀರೀಸ್ ತಲಪಿ ಏಳು ಬಾರಿಯೂ ಸೋಲು. ಕೊನೆಯ ಐದು ಸೋಲುಗಳೂ ನೆರೆಯ ಯಾಂಕೀಸ್ ತಂಡದಿಂದಲೇ. ‘ಬರುವ ವರ್ಷ ನೋಡೋಣ’ ಎಂಬುದು ಬ್ರೂಕ್ಲಿನ್ ಜನರ ಬಾಯಿಪಾಠವಾಯಿತು.

ಆ ವರ್ಷ ಬಂದದ್ದು 1955ರಲ್ಲಿ. ಎದುರಾಳಿ ಮತ್ತೆ ಯಾಂಕೀಸ್. ಮೊದಲ ಎರಡು ಪಂದ್ಯಗಳಲ್ಲಿ ಸೋಲು, ಮುಂದಿನ ಮೂರರಲ್ಲಿ ಗೆಲವು, ಆರನೆಯದರಲ್ಲಿ ಮತ್ತೆ ಸೋಲು. ಅಕ್ಟೋಬರ್ 4ರಂದು ಏಳನೆಯ ಪಂದ್ಯ. ಇಪ್ಪತ್ತಮೂರು ವಯಸ್ಸಿನ ಜಾನಿ ಪೋಡ್ರೆಸ್ ಚೆಂಡೆಸೆಯುತ್ತಿದ್ದರು. ಡಾಡ್ಜರ್ಸ್ ಎರಡು ರನ್ನುಗಳಿಂದ ಮುಂದಿತ್ತು. ಆರನೆಯ ಸರದಿಯಲ್ಲಿ ಯಾಂಕೀಸಿನ ಇಬ್ಬರು ಓಡಲು ಸಿದ್ಧರಾಗಿ ನಿಂತಿದ್ದಾಗ ಯೋಗಿ ಬೆರ್ರಾ ಚೆಂಡನ್ನು ಎಡ ಅಂಚಿಗೆ ಎತ್ತಿ ಹೊಡೆದರು. ಅದೇ ಸರದಿಗೆ ಅಲ್ಲಿಗೆ ಬಂದಿದ್ದ ಸ್ಯಾಂಡಿ ಅಮೊರೋಸ್ ಎಡಗೈ ಆಟಗಾರ, ಕೈಗವಸು ಬಲಗೈಯಲ್ಲಿತ್ತು. ಓಡೋಡಿ ಬಂದು ಆ ಕೈ ಚಾಚಿ ಹಿಡಿದರು. ಒಡನೆಯೇ ಹಿಂದಕ್ಕೆಸೆದು ಇನ್ನೊಬ್ಬನೂ ಔಟಾಗುವಂತೆ ಮಾಡಿದರು. ಎರಡು-ಸೊನ್ನೆಯ ಗೆಲವು! ಬ್ರೂಕ್ಲಿನ್ ಬೀದಿಗಳಲ್ಲಿ ಹಬ್ಬವಾಯಿತು.

ಆ ಹಬ್ಬ ಮತ್ತೆ ಬರಲಿಲ್ಲ. ಎಬೆಟ್ಸ್ ಫೀಲ್ಡ್ ಇಕ್ಕಟ್ಟಾಗಿತ್ತು. ಕಾರು ನಿಲ್ಲಿಸಲು ಎಡೆಯಿರಲಿಲ್ಲ. ಒಡೆಯ ವಾಲ್ಟರ್ ಒಮ್ಯಾಲಿ ಬ್ರೂಕ್ಲಿನ್‌ನಲ್ಲೇ ಹೊಸ ಮೈದಾನಕ್ಕೆ ಜಾಗ ಕೇಳಿದರು. ನಗರದ ನಿರ್ಮಾಣ ಕಾರ್ಯಗಳ ಸೂತ್ರ ಹಿಡಿದಿದ್ದ ರಾಬರ್ಟ್ ಮೋಸೆಸ್ ಒಪ್ಪಲಿಲ್ಲ. ದೇಶದ ಇನ್ನೊಂದು ಕೊನೆಯ ಲಾಸ್ ಏಂಜಲೀಸ್ ಕರೆಯಿತು. 1957ರ ಅಕ್ಟೋಬರಿನಲ್ಲಿ ವಲಸೆ ಪ್ರಕಟವಾಯಿತು, ಜನರನ್ನು ಕೇಳಿದವರಿಲ್ಲ. 1960ರಲ್ಲಿ ಮೈದಾನವನ್ನು ಕೆಡವಿದರು. ಅಲ್ಲಿ ವಸತಿ ಕಟ್ಟಡಗಳೆದ್ದವು.

ಹೊಸ ಊರಿನಲ್ಲೂ ಬೆಲೆ ತೆತ್ತವರಿದ್ದರು. ತಂಡಕ್ಕೆ ದೊರೆತ ಶಾವೆಜ್ ರವೀನ್ ಎಂಬ ಗುಡ್ಡಗಾಡಿನಲ್ಲಿ ಹಿಂದೆ ಮೆಕ್ಸಿಕನ್ ಮೂಲದ ಕುಟುಂಬಗಳು ವಾಸಿಸುತ್ತಿದ್ದವು. ಸರ್ಕಾರಿ ವಸತಿ ಯೋಜನೆಗೆಂದು ಅವರನ್ನು ಎಬ್ಬಿಸಲು ತೊಡಗಿದ್ದರು. ಆ ಯೋಜನೆ ರದ್ದಾಯಿತು, ಉಳಿದಿದ್ದ ಕೆಲವರನ್ನು 1959ರಲ್ಲಿ ಬಲವಂತವಾಗಿ ಹೊರಹಾಕಿದರು. 1962ರಲ್ಲಿ ಅಲ್ಲಿ ಡಾಡ್ಜರ್ ಸ್ಟೇಡಿಯಂ ತೆರೆಯಿತು.

ತಂಡಕ್ಕೇನೋ ಏಳಿಗೆಯಾಯಿತು. 1959, 1963, 1965, 1981, 1988, 2020, 2024, 2025ರಲ್ಲಿ ಚಾಂಪಿಯನ್ ಪಟ್ಟ ಬಂತು. ವಿನ್ ಸ್ಕಲಿ ಅವರು 1950ರಿಂದ 2016ರವರೆಗೆ ಈ ತಂಡದ ಪಂದ್ಯಗಳನ್ನು ವಿವರಿಸಿದರು. ಮೈದಾನದಲ್ಲೇ ಕುಳಿತ ಪ್ರೇಕ್ಷಕರೂ ಟ್ರಾನ್ಸಿಸ್ಟರ್ ಹಿಡಿದು ಅವರ ಮಾತನ್ನು ಕೇಳುತ್ತಿದ್ದರು.

ಒಂಬತ್ತು ಪಟ್ಟಗಳಲ್ಲಿ ಬ್ರೂಕ್ಲಿನ್ನಿಗೆ ದಕ್ಕಿದ್ದು ಒಂದೇ. ಏಳು ಸೋಲುಗಳಲ್ಲೂ ಜೊತೆ ಬಿಡದ ಜನರಿಗೆ ತಂಡವನ್ನು ಉಳಿಸಿಕೊಳ್ಳುವ ಹಕ್ಕಿರಲಿಲ್ಲ. ಅಭಿಮಾನ ಊರಿನದು, ಸ್ವತ್ತು ಒಡೆಯನದು: ವೃತ್ತಿಪರ ಕ್ರೀಡೆಯ ಈ ವ್ಯವಸ್ಥೆ ಇರುವಲ್ಲೆಲ್ಲ ನೆನಪಿಡಬೇಕಾದ ಮಾತಿದು.